ಶುಚಿಗೆ ವಾಸನೆಯಿಲ್ಲ

ನೆಲ ಒರೆಸಿ ಆಗಿದೆಯೇ ಇಲ್ಲವೇ ಎಂಬುದನ್ನು ನಮ್ಮ ಮನೆಗಳಲ್ಲಿ ಕಣ್ಣಿಗಿಂತ ಮೊದಲು ಮೂಗು ಹೇಳುತ್ತದೆ. ಬಾಗಿಲು ತೆರೆದೊಡನೆ ಫಿನಾಯಿಲ್ ವಾಸನೆ ಬಂದರೆ ಕೆಲಸ ಮುಗಿದಿದೆ ಎಂಬ ಸಮಾಧಾನ. ಬಾರದಿದ್ದರೆ ಬರೀ ನೀರು ಸವರಿ ಹೋಗಿದ್ದಾರೆ ಎಂಬ ಗುಮಾನಿ. ಬಚ್ಚಲಮನೆಯಲ್ಲಿ ಆಸಿಡ್ಡಿನ ಘಾಟು ಮೂಗಿಗೆ ಹೊಡೆದರೇನೇ ಟೈಲ್ಸ್ ಚೊಕ್ಕಟವಾಗಿದೆ ಎಂದು ನಂಬುತ್ತೇವೆ. ಹಬ್ಬದ ಹಿಂದಿನ ದಿನ ಜೇಡರಬಲೆ ತೆಗೆದು, ಅಟ್ಟ ಇಳಿಸಿ, ನೆಲ ತೊಳೆದು, ಕೊನೆಗೊಂದು ಪರಿಮಳದ ಸ್ಪ್ರೇ ಹೊಡೆದರೆ ಮನೆ ಮನೆಯಾಯಿತು ಎಂಬ ಭಾವನೆ. ಮನೆಯಲ್ಲಿ ಉಬ್ಬಸದವರೋ, ಅಲರ್ಜಿಯವರೋ ಇದ್ದರೆ ಮೂಗಿನ ಈ ತೀರ್ಪು ದುಬಾರಿಯಾಗುತ್ತದೆ. ಏಕೆಂದರೆ ವಾಸನೆ ಎಂದರೆ ಗಾಳಿಯಲ್ಲಿ ಸೇರಿಕೊಂಡ ಪದಾರ್ಥವೇ ಹೊರತು ಬೇರೇನೂ ಅಲ್ಲ. ನೆಲದ ಮೇಲಿದ್ದ ಕೊಳೆಯನ್ನು ತೆಗೆದು ಉಸಿರಾಡುವ ಗಾಳಿಗೆ ಇನ್ನೊಂದನ್ನು ತುಂಬಿದರೆ ಅದು ಶುಚಿ ಮಾಡಿದಂತಲ್ಲ, ಕೊಳೆಯ ಜಾಗ ಬದಲಿಸಿದಂತೆ. ಶುಚಿ ಮಾಡುವುದೆಂದರೆ ತೆಗೆಯುವುದು, ಸೇರಿಸುವುದಲ್ಲ. ಮನೆ ಶುಚಿಗೊಳಿಸುವ ಯಾವ ವಿಧಾನವನ್ನಾದರೂ ಅಳೆಯಲು ಈ ಒಂದು ಮಾತು ಸಾಕು. ಆ ವಿಧಾನ ಕಾರ್ಖಾನೆಯಿಂದ ಬಂದದ್ದೋ ಹಿತ್ತಲಿನಿಂದ ಬಂದದ್ದೋ ಎಂಬುದು ಆಮೇಲಿನ ಪ್ರಶ್ನೆ.

ಇದು ಬೆರಳೆಣಿಕೆಯವರ ಕಷ್ಟವಲ್ಲ. ಜಾಗತಿಕ ರೋಗಭಾರದ 2019ರ ಅಂದಾಜಿನಂತೆ ಭಾರತದಲ್ಲಿ ಅಸ್ತಮಾ ಇರುವವರು ಸುಮಾರು 3.4 ಕೋಟಿ. ಲೋಕದ ಒಟ್ಟು ಅಸ್ತಮಾ ರೋಗಿಗಳಲ್ಲಿ ನಮ್ಮ ಪಾಲು ನೂರಕ್ಕೆ ಹದಿಮೂರಿರಬಹುದು, ಆದರೆ ಅಸ್ತಮಾದಿಂದ ಸಾಯುವವರಲ್ಲಿ ನಮ್ಮ ಪಾಲು ನೂರಕ್ಕೆ ನಲವತ್ತನ್ನು ಮೀರುತ್ತದೆ. ಬೆಂಗಳೂರಿನ ಮಕ್ಕಳ ತಜ್ಞ ಡಾ. ಎಚ್. ಪರಮೇಶ್ ಆಸ್ಪತ್ರೆಗೆ ಬಂದ 20,000 ಮಕ್ಕಳನ್ನು ಗಮನಿಸಿ ಪ್ರಕಟಿಸಿದ ಅಧ್ಯಯನದಲ್ಲಿ 1979ರಲ್ಲಿ ನೂರಕ್ಕೆ 9ರಷ್ಟಿದ್ದ ಅಸ್ತಮಾ 1999ರ ಹೊತ್ತಿಗೆ 29.5ಕ್ಕೆ ಏರಿತ್ತು. ಆಸ್ಪತ್ರೆಗೆ ಬಂದ ಮಕ್ಕಳ ಲೆಕ್ಕವಾದ್ದರಿಂದ ಇದನ್ನು ಇಡೀ ಊರಿನ ಮಕ್ಕಳ ಲೆಕ್ಕವೆಂದು ಓದಬಾರದು. ಏರಿಕೆಯ ದಿಕ್ಕನ್ನಂತೂ ಅಲ್ಲಗಳೆಯುವಂತಿಲ್ಲ. ಈ ಏರಿಕೆಗೆ ಫಿನಾಯಿಲ್ ಕಾರಣ ಎಂದು ಯಾರೂ ಹೇಳುತ್ತಿಲ್ಲ. ವಾಹನಗಳ ಹೊಗೆ, ಕಟ್ಟಡಗಳ ಧೂಳು, ಕಾಂಗ್ರೆಸ್ ಗಿಡದ ಪರಾಗ ಎಲ್ಲವೂ ಇವೆ. ಆದರೆ ರಸ್ತೆಯ ಗಾಳಿ ಒಬ್ಬರ ಕೈಯಲ್ಲಿಲ್ಲ, ಮನೆಯೊಳಗಿನ ಗಾಳಿ ಬಹುಮಟ್ಟಿಗೆ ಇದೆ. ಆ ಗಾಳಿಯನ್ನು ನಾವು ದಿನವೂ ಕೆಡಿಸುವ ಸಂದರ್ಭಗಳಲ್ಲಿ ಒಂದು, ವಿಚಿತ್ರವೆಂದರೆ, ಮನೆ ಶುಚಿ ಮಾಡುವ ಗಳಿಗೆ.

ಉಬ್ಬಸದವರ ಮನೆಯಲ್ಲಿ ಎರಡು ಬಗೆಯ ಕಾಟಗಳಿರುತ್ತವೆ. ಒಂದು ಅಲರ್ಜಿ ತರುವ ಪದಾರ್ಥ, ಇನ್ನೊಂದು ಶ್ವಾಸನಾಳವನ್ನು ಕೆರಳಿಸುವ ಪದಾರ್ಥ. ಇವೆರಡನ್ನೂ ಬೇರೆ ಮಾಡಿ ನೋಡದಿದ್ದರೆ ಔಷಧಿ ಒಂದಕ್ಕೆ, ಹಚ್ಚಿದ್ದು ಇನ್ನೊಂದಕ್ಕೆ ಎಂಬಂತಾಗುತ್ತದೆ. ಮೊದಲನೆಯದರ ದೊಡ್ಡ ಉದಾಹರಣೆ ಡಸ್ಟ್ ಮೈಟ್ ಎಂಬ ಧೂಳಿನ ನುಸಿ. ಮನೆಧೂಳಿನ ಅಲರ್ಜಿಗೆ ಮುಖ್ಯ ಮೂಲ ಇದೇ ಎಂದು 1960ರ ದಶಕದಲ್ಲಿ ನೆದರ್ಲೆಂಡ್ಸಿನ ಲೈಡನ್ ನಗರದ ಸಂಶೋಧಕರು ತೋರಿಸಿಕೊಟ್ಟರು. ಮಿಲಿಮೀಟರಿನ ಮೂರನೇ ಒಂದು ಭಾಗದಷ್ಟಿರುವ ಈ ಜೀವಿ ಕಚ್ಚುವುದಿಲ್ಲ. ನಮ್ಮ ಮೈಯಿಂದ ಉದುರಿದ ಚರ್ಮದ ಹೊಟ್ಟನ್ನು ತಿಂದು ಹಾಸಿಗೆ, ದಿಂಬು, ಸೋಫಾಗಳಲ್ಲಿ ಬದುಕುತ್ತದೆ. ನೀರು ಕುಡಿಯುವುದಿಲ್ಲ, ಗಾಳಿಯ ತೇವವನ್ನೇ ಮೈಗೆ ಹೀರಿಕೊಳ್ಳುತ್ತದೆ. ಹಾಗಾಗಿ ಕರಾವಳಿ, ಮಲೆನಾಡು ಮತ್ತು ಮಳೆಗಾಲದ ಬೆಂಗಳೂರು ಅದಕ್ಕೆ ಸ್ವರ್ಗ. ತೊಂದರೆ ಕೊಡುವುದು ಮುಖ್ಯವಾಗಿ ಅದರ ಹಿಕ್ಕೆಯಲ್ಲಿರುವ ಪ್ರೋಟೀನು. ಜಿರಳೆಯದ್ದೂ ಬೂಷ್ಟಿನದ್ದೂ ಇದೇ ಕಥೆ. ಜಿರಳೆ ಸತ್ತರೂ ಅದರ ಪುಡಿಪುಡಿ ಹಿಕ್ಕೆ, ಉದುರಿದ ರೆಕ್ಕೆ ಅಲ್ಲೇ ಇರುತ್ತವೆ. ಬೂಷ್ಟು ಸತ್ತರೂ ಅದರ ಬೀಜಕಣ ಅಲರ್ಜಿ ತರುವುದನ್ನು ಬಿಡುವುದಿಲ್ಲ. ಅಂದರೆ ಅಲರ್ಜಿಯ ಮಟ್ಟಿಗೆ ಕೊಲ್ಲುವುದರಿಂದ ಕೆಲಸ ಮುಗಿಯುವುದಿಲ್ಲ, ಎತ್ತಿ ಹೊರಗೆ ಹಾಕಬೇಕು. ಫಿನಾಯಿಲ್ ಮಾರಾಟವಾಗುವುದೇ ಕ್ರಿಮಿ ಕೊಲ್ಲುತ್ತದೆ ಎಂಬ ಭರವಸೆಯ ಮೇಲೆ. ಆ ಭರವಸೆ ನಿಜವಿದ್ದರೂ ಅಲರ್ಜಿಯವರಿಗೆ ಅದರಿಂದ ಸಿಗುವ ಲಾಭ ಅಷ್ಟಕ್ಕಷ್ಟೇ.

ಲಾಭ ಕಡಿಮೆ, ಸರಿ, ನಷ್ಟವಾದರೂ ಇದೆಯೇ? ಎರಡನೆಯ ಬಗೆಯ ಕಾಟ ಶುರುವಾಗುವುದು ಇಲ್ಲಿ. ಅಸ್ತಮಾದಲ್ಲಿ ಶ್ವಾಸನಾಳದ ಒಳಪದರ ಮೊದಲೇ ಊದಿಕೊಂಡು ಸೂಕ್ಷ್ಮವಾಗಿರುತ್ತದೆ. ಮಿಕ್ಕವರಿಗೆ ಒಂದು ಸೀನು ತರಿಸುವ ಘಾಟು ಇವರಿಗೆ ಎದೆ ಬಿಗಿಯುವಂತೆ ಮಾಡುತ್ತದೆ. ಯುರೋಪಿನ ಹತ್ತು ದೇಶಗಳಲ್ಲಿ ತಮ್ಮ ಮನೆಯನ್ನು ತಾವೇ ಶುಚಿ ಮಾಡುವ, ಆರಂಭದಲ್ಲಿ ಅಸ್ತಮಾ ಇಲ್ಲದ 3,503 ಜನರನ್ನು ಸುಮಾರು ಒಂಬತ್ತು ವರ್ಷ ಹಿಂಬಾಲಿಸಿದ ಅಧ್ಯಯನವೊಂದು 2007ರಲ್ಲಿ ಪ್ರಕಟವಾಯಿತು. ವಾರಕ್ಕೊಮ್ಮೆಯಾದರೂ ಸ್ಪ್ರೇ ಬಳಸುತ್ತಿದ್ದವರಲ್ಲಿ ಅಸ್ತಮಾ ಲಕ್ಷಣಗಳು ಉಳಿದವರಿಗಿಂತ ಸುಮಾರು ಒಂದೂವರೆ ಪಟ್ಟು ಕಂಡವು. ಗಮನಿಸಬೇಕಾದ ಅಂಶವೆಂದರೆ, ಸ್ಪ್ರೇ ಅಲ್ಲದ ರೂಪದಲ್ಲಿ ಬಳಸಿದ ಉತ್ಪನ್ನಗಳಿಗೆ ಇಂಥ ನಂಟು ಕಾಣಲಿಲ್ಲ. ಬಾಟಲಿಯಲ್ಲಿ ಏನಿದೆ ಎಂಬುದರ ಜೊತೆಗೆ ಅದು ಗಾಳಿಗೆ ಹೇಗೆ ಏರುತ್ತದೆ ಎಂಬುದೂ ಮುಖ್ಯ ಎಂದಾಯಿತು. ನಾರ್ವೆಯ ಬರ್ಗನ್ ವಿಶ್ವವಿದ್ಯಾಲಯದ ನೇತೃತ್ವದಲ್ಲಿ ಆರು ಸಾವಿರಕ್ಕೂ ಹೆಚ್ಚು ಜನರನ್ನು ಇಪ್ಪತ್ತು ವರ್ಷ ಗಮನಿಸಿದ ಇನ್ನೊಂದು ಅಧ್ಯಯನ 2018ರಲ್ಲಿ ಬಂತು. ಮನೆ ಶುಚಿ ಮಾಡುವ ಅಥವಾ ಅದನ್ನೇ ಕಸುಬಾಗಿ ಮಾಡುವ ಹೆಂಗಸರ ಶ್ವಾಸಕೋಶದ ಸಾಮರ್ಥ್ಯ ಆ ಕೆಲಸ ಮಾಡದ ಹೆಂಗಸರಿಗಿಂತ ಬೇಗ ಕುಗ್ಗಿತ್ತು. ಕೆನಡಾದ ಸುಮಾರು ಎರಡು ಸಾವಿರ ಮಕ್ಕಳ 2020ರ ವರದಿಯಂತೆ, ಮೂರು ನಾಲ್ಕು ತಿಂಗಳ ಕೂಸಿದ್ದಾಗ ಇಂಥ ಉತ್ಪನ್ನಗಳನ್ನು ಹೆಚ್ಚು ಬಳಸಿದ ಮನೆಗಳಲ್ಲಿ ಮೂರನೇ ವರ್ಷಕ್ಕೆ ಅಸ್ತಮಾ ಹೆಚ್ಚು ಕಂಡಿತು.

ಈಗ ನಮ್ಮದೇ ಬಚ್ಚಲಮನೆಯ ಬಾಗಿಲು ತೆರೆದು ನೋಡೋಣ. ಐದಡಿ ಅಗಲ, ಏಳಡಿ ಉದ್ದ. ಗಾಳಿಗೆಂದು ಮೇಲೊಂದು ವೆಂಟಿಲೇಟರು. ನೆಲಕ್ಕೆ ಬ್ಲೀಚಿಂಗ್ ಪೌಡರ್ ಚೆಲ್ಲಿದ್ದಾರೆ. ಕಲೆ ಹೋಗಲಿಲ್ಲವೆಂದು ಅದರ ಮೇಲೆಯೇ ಆಸಿಡ್ ಸುರಿಯುತ್ತಾರೆ. ಒಂದು ಕೊಳೆ ತೆಗೆಯುತ್ತದೆ, ಇನ್ನೊಂದು ಕಲೆ ತೆಗೆಯುತ್ತದೆ, ಎರಡೂ ಸೇರಿದರೆ ಇನ್ನೂ ಒಳ್ಳೆಯದಲ್ಲವೇ ಎಂಬುದು ಲೆಕ್ಕಾಚಾರ. ಸುರ್ರೆಂದು ನೊರೆ ಏಳುತ್ತದೆ, ಕಣ್ಣು ಉರಿಯುತ್ತದೆ, ಗಂಟಲು ಕಟ್ಟುತ್ತದೆ. ಆಗ ಏಳುವುದು ಕ್ಲೋರಿನ್ ಅನಿಲ. 1915ರ ಏಪ್ರಿಲಿನಲ್ಲಿ ಬೆಲ್ಜಿಯಮ್ಮಿನ ಈಪ್ರ್ ಬಳಿ ಜರ್ಮನ್ ಸೇನೆ ಎದುರಾಳಿಗಳ ಕಂದಕಗಳ ಕಡೆಗೆ ಬಿಟ್ಟದ್ದು ಇದನ್ನೇ. ಕ್ಲೋರಿನ್ ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರ. ಹಾಗಾಗಿ ಅದು ಮೇಲಿನ ವೆಂಟಿಲೇಟರಿನತ್ತ ಹೋಗದೆ ನೆಲದ ಮಟ್ಟದಲ್ಲೇ ತಂಗುತ್ತದೆ, ಕುಕ್ಕರಗಾಲಲ್ಲಿ ಕೂತು ಬ್ರಶ್ಶು ಉಜ್ಜುತ್ತಿರುವವರ ಮುಖ ಇರುವುದೂ ಅದೇ ಮಟ್ಟದಲ್ಲಿ. ಆಸಿಡ್ ಬದಲು ಅಮೋನಿಯ ಇರುವ ಗಾಜಿನ ಕ್ಲೀನರ್ ಬೆರೆತರೆ ಏಳುವುದು ಕ್ಲೋರಮೈನ್, ಅದೂ ಶ್ವಾಸನಾಳಕ್ಕೆ ಹಗೆ. ಬೆರೆಸದೆ ಬಳಸಿದರೂ ಟಾಯ್ಲೆಟ್ ಆಸಿಡ್ಡಿನಲ್ಲಿರುವ ಹೈಡ್ರೋಕ್ಲೋರಿಕ್ ಆಮ್ಲ ತಾನಾಗಿಯೇ ಆವಿಯಾಗುವ ಗುಣದ್ದು. ಮುಚ್ಚಳ ತೆಗೆದೊಡನೆ ಮೂಗಿಗೆ ಬಡಿಯುವ ಘಾಟು ಅದೇ.

ಇಷ್ಟು ಹೇಳಿದರೆ ಬರುವ ಮೊದಲ ತಕರಾರು ಎಲ್ಲರಿಗೂ ಗೊತ್ತಿರುವುದೇ: ನಮ್ಮ ಅಜ್ಜಿಯ ಕಾಲದಿಂದ ಫಿನಾಯಿಲ್ ಹಾಕುತ್ತಿದ್ದೇವೆ, ಏನೂ ಆಗಿಲ್ಲ. ಆಗದೆ ಉಳಿದವರು ಹೇಳುವ ಮಾತು ಇದು. ಅಜ್ಜಿಯ ಮನೆಗೆ ತೊಟ್ಟಿಯಿತ್ತು, ಹಿತ್ತಲ ಬಾಗಿಲಿತ್ತು, ಹೆಂಚಿನ ಸಂದಿಯಿಂದಲೂ ಗಾಳಿಯಾಡುತ್ತಿತ್ತು. ಈಗಿನ ಫ್ಲ್ಯಾಟಿನಲ್ಲಿ ಧೂಳು ಬರುತ್ತದೆಂದು ಕಿಟಕಿಗೆ ಗಾಜು, ಸೊಳ್ಳೆ ಬರುತ್ತದೆಂದು ಅದಕ್ಕೊಂದು ಜಾಲರಿ. ಒಳಗೆ ಹುಟ್ಟಿದ ಘಾಟು ಒಳಗೇ ಸುತ್ತುತ್ತದೆ. ಎರಡನೆಯ ತಕರಾರು ಹೆಚ್ಚು ಗಟ್ಟಿಯಾದದ್ದು. ಇವೆಲ್ಲ ಯುರೋಪಿನ, ಕೆನಡಾದ ಲೆಕ್ಕಗಳು. ಜೊತೆಗೆ ಗಮನಿಸಿ ಬರೆದಿಟ್ಟ ಅಧ್ಯಯನಗಳೇ ಹೊರತು ಪ್ರಯೋಗಗಳಲ್ಲ. ನಂಟು ಕಂಡ ಮಾತ್ರಕ್ಕೆ ಕಾರಣ ಎನ್ನಲಾಗದು. ಒಪ್ಪಬೇಕಾದ ಮಾತು. ಬರ್ಗನ್ನಿನ ಅಧ್ಯಯನದಲ್ಲಿ ಗಂಡಸರಲ್ಲಿ ಇಂಥ ಕುಸಿತ ಕಾಣಲಿಲ್ಲ ಎಂಬುದನ್ನೂ ಮುಚ್ಚಿಡಬಾರದು. ಆದರೆ ಬೇರೆ ಬೇರೆ ದೇಶ, ಬೇರೆ ಬೇರೆ ವಯಸ್ಸು, ಬೇರೆ ಬೇರೆ ಸಂಶೋಧಕರು ಕೊಟ್ಟ ಸುಳಿವು ಒಂದೇ ಕಡೆಗೆ ಬೆರಳು ತೋರಿಸುತ್ತಿದೆ, ಕ್ಲೋರಿನ್ ಮತ್ತು ಆಮ್ಲದ ಆವಿ ಶ್ವಾಸನಾಳವನ್ನು ಕೆರಳಿಸುತ್ತವೆ ಎಂಬುದರಲ್ಲಿ ವಿವಾದವೇ ಇಲ್ಲ. ನಮ್ಮಲ್ಲಿ ಬಳಸುವ ಸಾಮಾನು ಅಲ್ಲಿಯದಕ್ಕಿಂತ ಸೌಮ್ಯ ಎನ್ನಲು ಆಧಾರವೂ ಇಲ್ಲ. ಬಿಡುವುದರಿಂದ ಕಳೆದುಕೊಳ್ಳುವುದು ಒಂದು ವಾಸನೆ ಮಾತ್ರ ಎಂದಾದಾಗ, ಪೂರ್ತಿ ರುಜುವಾತಿಗೆ ಕಾಯುವುದು ಜಾಣತನವಲ್ಲ.

ಹಾಗಾದರೆ ನೈಸರ್ಗಿಕವಾದದ್ದಕ್ಕೆ ಬದಲಾಯಿಸಿದರೆ ಆಯಿತಲ್ಲ ಎಂದು ಸಮಾಧಾನ ಪಡುವವರಿದ್ದಾರೆ. ಎಡವುವುದು ಇಲ್ಲಿಯೇ. ಕಪ್ಪು ಫಿನಾಯಿಲ್ ಕಲ್ಲಿದ್ದಲಿನ ಟಾರಿನ ಸಂತಾನ, ಸರಿ; ಬಿಳಿ ಫಿನಾಯಿಲಿನ ಘಮವಾದರೋ ಪೈನ್ ಮರದ ಎಣ್ಣೆಯದು, ಅಪ್ಪಟ ನೈಸರ್ಗಿಕ. ಪೈನ್ ಎಣ್ಣೆಯಲ್ಲೂ ನಿಂಬೆ, ಕಿತ್ತಳೆ ಸಿಪ್ಪೆಯ ಎಣ್ಣೆಯಲ್ಲೂ ಇರುವ ಟರ್ಪೀನುಗಳು ಗಾಳಿಗೆ ಏರಿ ಅಲ್ಲಿರುವ ಓಝೋನಿನೊಡನೆ ಸೇರಿದಾಗ ಫಾರ್ಮಾಲ್ಡಿಹೈಡನ್ನೂ ಅತಿಸೂಕ್ಷ್ಮ ಕಣಗಳನ್ನೂ ಹುಟ್ಟಿಸುತ್ತವೆ. ವಾಹನದ ಹೊಗೆ ಬಿಸಿಲಿಗೆ ಬೆಂದ ನಗರದ ಮಧ್ಯಾಹ್ನಗಳಲ್ಲಿ ಓಝೋನಿಗೆ ಬರವಿಲ್ಲ. ಅಗರಬತ್ತಿ, ಸಾಂಬ್ರಾಣಿ, ಕರ್ಪೂರ, ಬೇವಿನೆಲೆಯ ಹೊಗೆ ಇವುಗಳಿಗೂ ಮಾಫಿಯಿಲ್ಲ. ಒಂದು ಗ್ರಾಂ ಅಗರಬತ್ತಿ ಉರಿದರೆ ಸರಾಸರಿ 45 ಮಿಲಿಗ್ರಾಮಿಗೂ ಹೆಚ್ಚು ಕಣಗಳು ಏಳುತ್ತವೆ, ಒಂದು ಗ್ರಾಂ ಸಿಗರೇಟಿನಿಂದ ಸುಮಾರು 10. ದೇವರ ಪೂಜೆ ಬಿಡಿ ಎಂದು ಇದರ ಅರ್ಥವಲ್ಲ. ಮನೆ ಶುದ್ಧವಾಗಲಿ ಎಂದು ಕೋಣೆ ಕೋಣೆಗೆ ಧೂಪ ಹಿಡಿಯುವುದನ್ನು ಉಬ್ಬಸದವರ ಮನೆಯಲ್ಲಿ ಶುಚಿಯ ಲೆಕ್ಕಕ್ಕೆ ಸೇರಿಸಬಾರದು ಎಂದಷ್ಟೇ. ಬೆಂಗಳೂರಿನ ಎಷ್ಟೋ ಅಪಾರ್ಟ್‌ಮೆಂಟುಗಳಲ್ಲಿ ಈಗ ಮನೆಯಲ್ಲೇ ಬಯೋ ಎನ್‌ಜೈಮ್ ಮಾಡುತ್ತಾರೆ: ಒಂದು ಪಾಲು ಬೆಲ್ಲ, ಮೂರು ಪಾಲು ನಿಂಬೆ ಕಿತ್ತಳೆ ಸಿಪ್ಪೆ, ಹತ್ತು ಪಾಲು ನೀರು, ಮೂರು ತಿಂಗಳ ಹುದುಗು. ಕಸ ಕಡಿಮೆಯಾಗುತ್ತದೆ, ಚರಂಡಿಗೂ ಒಳ್ಳೆಯದು. ಆದರೂ ಅದು ಹುಳಿ ಬಂದ ದ್ರವ, ಸಿಪ್ಪೆಯ ಎಣ್ಣೆಯೂ ಅದರಲ್ಲಿದೆ. ತೆಳುವಾಗಿ ಬೆರೆಸಿ ಬಟ್ಟೆಗೆ ಹಾಕಿ ಒರೆಸಬಹುದು. ಸ್ಪ್ರೇ ಬಾಟಲಿಗೆ ತುಂಬಿ ಹೊಡೆಯಬಾರದು. ಇನ್ನು ಅಡುಗೆ ಸೋಡಾದ ಮೇಲೆ ವಿನೆಗರ್ ಸುರಿದು ನೊರೆ ನೋಡಿ ಹಿಗ್ಗುವುದು ಬರಿಯ ತಮಾಷೆ. ಕ್ಷಾರ, ಆಮ್ಲ ಒಂದನ್ನೊಂದು ಕಳೆದುಕೊಂಡು ಉಳಿಯುವುದು ಉಪ್ಪು ಬೆರೆತ ನೀರು.

ನಿಜವಾಗಿ ಕೆಲಸ ಮಾಡುವುದು ಯಾವುದು? ನೀರು, ಚೂರು ಸೋಪು, ಒದ್ದೆ ಬಟ್ಟೆ, ತೋಳಿನ ಶ್ರಮ. ಸೋಪಿನ ಅಣುವಿನ ಒಂದು ತುದಿ ಜಿಡ್ಡನ್ನು ಹಿಡಿಯುತ್ತದೆ, ಇನ್ನೊಂದು ತುದಿ ನೀರನ್ನು. ಕೊಳೆ ನೆಲದಿಂದ ಎದ್ದು ಬಟ್ಟೆಗೆ, ಬಟ್ಟೆಯಿಂದ ಬಕೆಟ್ಟಿಗೆ, ಬಕೆಟ್ಟಿನಿಂದ ಮೋರಿಗೆ ಹೋಗುತ್ತದೆ. ಗಾಳಿಗೆ ಏನೂ ಏರುವುದಿಲ್ಲ. ಅರ್ಧ ಬಕೆಟ್ ನೀರಿಗೆ ವಾಸನೆಯಿಲ್ಲದ ಪಾತ್ರೆ ಸೋಪಿನ ದ್ರವ ಒಂದು ಚಮಚ ಸಾಕು. ಅಂಟುವಾಳದ ಕಾಯಿಯನ್ನು ರಾತ್ರಿ ನೆನೆಸಿ ಹಿಂಡಿ ಸೋಸಿದ ನೀರೂ ಆದೀತು. ಅದರ ಸಪೋನಿನ್ ಮಾಡುವುದೂ ಇದೇ ಕೆಲಸ. ಅಂಟುವಾಳದ ಪುಡಿಯನ್ನೋ ಸೀಗೆಪುಡಿಯನ್ನೋ ಒಣದಾಗಿ ಚೆಲ್ಲಿದರೆ ಮಾತ್ರ ಸೀನು ಖಾತರಿ. ಒಣ ಪೊರಕೆಯ ವಿಷಯವೂ ಹಾಗೆಯೇ. ದಕ್ಷಿಣದವರ ಪೊರಕೆ, ಉತ್ತರದವರ ಕಸಬರಿಗೆ, ಕರಾವಳಿಯ ಹಿಡಿಸೂಡಿ, ಹೆಸರು ಯಾವುದಾದರೂ ಕಣ್ಣಿಗೆ ಕಾಣುವ ಕಸವನ್ನು ಮುಂದಕ್ಕೆ ತಳ್ಳಿ, ಕಾಣದ ಧೂಳನ್ನು ಮೇಲಕ್ಕೆ ಎಬ್ಬಿಸುವುದು ಅದರ ಸ್ವಭಾವ. ಬೆಳಗಿನ ಬಿಸಿಲ ಕೋಲು ಕಿಟಕಿಯಿಂದ ಬಿದ್ದಾಗ ಗುಡಿಸುತ್ತಿರುವ ಕೋಣೆಯನ್ನು ನೋಡಿದರೆ ಇದು ತಿಳಿಯುತ್ತದೆ. ಹೊಸ ಹುಲ್ಲಿನ ಪೊರಕೆಯಂತೂ ಮೊದಲ ವಾರವಿಡೀ ತನ್ನದೇ ಹೂವಿನ ಹೊಟ್ಟನ್ನು ಉದುರಿಸುತ್ತದೆ. ಅಂಗಳದಲ್ಲಿ ಕೊಡವಿ, ಒಮ್ಮೆ ತೊಳೆದು ಒಣಗಿಸಿಯೇ ಒಳಗೆ ತರಬೇಕು. ಕಿಟಕಿ ತೆರೆದು, ಫ್ಯಾನ್ ನಿಲ್ಲಿಸಿ, ಮೇಲಿನಿಂದ ಕೆಳಕ್ಕೆ ಒದ್ದೆ ಬಟ್ಟೆಯಿಂದ ಒರೆಸುತ್ತ ಬಂದು, ನೆಲವನ್ನು ಕೊನೆಗೆ ಮುಗಿಸಿ, ಆಮೇಲೆ ಫ್ಯಾನ್ ಹಾಕಿ ಬೇಗ ಆರಿಸುವುದು ಕ್ರಮ. ಉಬ್ಬಸದವರು ಅಷ್ಟು ಹೊತ್ತು ಬೇರೆ ಕೋಣೆಯಲ್ಲಿದ್ದರೆ ಒಳಿತು.

ಸೋಪು ನೀರು ಸೋಲುವ ಜಾಗ ಬಚ್ಚಲಮನೆ. ಬೋರ್‌ವೆಲ್ಲಿನ ಗಡಸು ನೀರು ನಲ್ಲಿ, ಟೈಲ್ಸುಗಳ ಮೇಲೆ ಬಿಡುವ ಬಿಳಿ ಪದರ ಮುಖ್ಯವಾಗಿ ಕ್ಯಾಲ್ಸಿಯಂ ಕಾರ್ಬೊನೇಟ್. ಅದನ್ನು ಕರಗಿಸಲು ಆಮ್ಲವೇ ಬೇಕು. ಆದರೆ ಆವಿಯಾಗುವ ಆಮ್ಲವೇ ಬೇಕೆಂದೇನೂ ಇಲ್ಲ. ದಿನಸಿ ಅಂಗಡಿಯಲ್ಲಿ ನಿಂಬೆ ಉಪ್ಪು ಎಂದು ಸಿಗುವ ಸಿಟ್ರಿಕ್ ಆಸಿಡ್ ಬಿಳಿ ಹರಳು. ನೀರಿನಲ್ಲಿ ಕರಗುತ್ತದೆ, ಗಾಳಿಗೆ ಏರುವುದಿಲ್ಲ. ಬಿಸಿನೀರಿನಲ್ಲಿ ಕರಗಿಸಿ ಬಟ್ಟೆ ಅದ್ದಿ ನಲ್ಲಿಗೆ ಸುತ್ತಿ ಅರ್ಧ ಗಂಟೆ ಬಿಟ್ಟು ಉಜ್ಜಿದರೆ ಪದರ ಬಿಡುತ್ತದೆ. ನಿಧಾನದ ಕೆಲಸ, ಘಾಟಿಲ್ಲದಿರುವುದಕ್ಕೆ ತೆರುವ ಬೆಲೆ ಇಷ್ಟೇ. ಒಂದು ಎಚ್ಚರ: ಶಹಾಬಾದ್ ಕಲ್ಲು, ಕಡಪ ಕಲ್ಲು, ಮಾರ್ಬಲ್, ಮೊಸಾಯಿಕ್ ನೆಲಗಳಲ್ಲಿರುವುದೂ ಅದೇ ಕ್ಯಾಲ್ಸಿಯಂ ಕಾರ್ಬೊನೇಟ್. ಆಮ್ಲ ಯಾವುದೇ ಇರಲಿ, ನಿಂಬೆಯದ್ದಾಗಲಿ ವಿನೆಗರ್ ಆಗಲಿ, ಅಲ್ಲಿ ಕಲೆಯ ಜೊತೆ ಕಲ್ಲೂ ಸವೆಯುತ್ತದೆ. ಬ್ಲೀಚಿನ ಅಗತ್ಯವೇ ಇಲ್ಲವೆಂದಲ್ಲ. ಮನೆಯಲ್ಲಿ ವಾಂತಿಭೇದಿ ಇದ್ದಾಗ, ರಕ್ತ ಚೆಲ್ಲಿದಾಗ ಸೋಂಕು ಕೊಲ್ಲಲೇಬೇಕು. ಆಗ ಮೊದಲು ಸೋಪಿನಿಂದ ತೊಳೆದು, ಚೆನ್ನಾಗಿ ನೀರು ಹಾಕಿದ ಮೇಲೆ, ತೆಳುವಾಗಿ ಬೆರೆಸಿದ ಬ್ಲೀಚನ್ನಷ್ಟೇ, ಕಿಟಕಿ ಬಾಗಿಲು ತೆರೆದು, ಉಬ್ಬಸವಿಲ್ಲದವರೊಬ್ಬರು ಬಳಸಲಿ. ದಿನವೂ ಬೇಕೆನ್ನುವುದು ಕೊರೋನ ಕಾಲ ಬಿಟ್ಟುಹೋದ ಅಂಜಿಕೆ. ಕ್ರಿಮಿನಾಶಕ ಸಿಂಪಡಿಸುವುದು ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲೇ ಹೇಳಿತ್ತು. ಬಹುತೇಕ ಸಂದರ್ಭಗಳಲ್ಲಿ ಸೋಪು ನೀರಿನ ಶುಚಿಯೇ ಸಾಕೆಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2021ರಲ್ಲಿ ಹೇಳಿತು.

ನೆಲಕ್ಕೆ ಕೊಡುವ ಗಮನದ ಅರ್ಧದಷ್ಟನ್ನು ಹಾಸಿಗೆಗೆ ಕೊಟ್ಟರೆ ಅಲರ್ಜಿಯವರಿಗೆ ಹೆಚ್ಚು ಉಪಕಾರ, ಏಕೆಂದರೆ ದಿನದ ಏಳೆಂಟು ಗಂಟೆ ಮೂಗು ಇರುವುದು ದಿಂಬಿನ ಮೇಲೆ. ಹೊದಿಕೆ, ದಿಂಬಿನ ಚೀಲಗಳನ್ನು ವಾರಕ್ಕೊಮ್ಮೆ 55ರಿಂದ 60 ಡಿಗ್ರಿ ಬಿಸಿಯ ನೀರಿನಲ್ಲಿ ಒಗೆದರೆ ನುಸಿಯೂ ಸಾಯುತ್ತದೆ, ಅದರ ಹಿಕ್ಕೆಯೂ ನೀರಿನೊಡನೆ ಹೋಗುತ್ತದೆ. ಹಾಸಿಗೆಯನ್ನು ಬಿಸಿಲಿಗೆ ಹಾಕುವ ಹಳೆಯ ರೂಢಿ ತೇವ ತೆಗೆಯುವುದರಿಂದ ಒಳ್ಳೆಯದೇ. ಕೋಲಿನಿಂದ ಬಡಿಯುವ ಕೆಲಸ ಮಾತ್ರ ಉಬ್ಬಸದವರದ್ದಾಗಬಾರದು. ಗೋಡೆಯ ಬೂಷ್ಟನ್ನು ಸೋಪು ನೀರಿನಿಂದ ಒರೆಸಬಹುದು, ಸೋರುವ ಪೈಪು ರಿಪೇರಿಯಾಗದೆ ಅದು ಹೋಗುವುದಿಲ್ಲ. ಜಿರಳೆಗೆ ಸ್ಪ್ರೇಗಿಂತ ಸಂದಿಯಲ್ಲಿಡುವ ಜೆಲ್ ಮೇಲು. ಸೊಳ್ಳೆಗೆ ಪರದೆ, ಜಾಲರಿ ಮೇಲು. ಒಂದು ಸೊಳ್ಳೆಬತ್ತಿ ಉರಿದಾಗ ಏಳುವ ಸೂಕ್ಷ್ಮ ಕಣಗಳು 75ರಿಂದ 137 ಸಿಗರೇಟಿಗೆ ಸಮ ಎಂದು 2003ರ ಅಧ್ಯಯನವೊಂದು ಅಳೆದಿತ್ತು. ಬೀರುವಿನ ನುಸಿಗುಳಿಗೆಯೂ ದಿನದಿನಕ್ಕೆ ಕರಗುವುದು ನಾವು ಉಸಿರಾಡುವ ಗಾಳಿಗೇ.

ಇಷ್ಟೆಲ್ಲ ಮಾಡಿದರೆ ಉಬ್ಬಸ ವಾಸಿಯಾಗುತ್ತದೆಯೇ ಎಂದರೆ, ಇಲ್ಲ. ನುಸಿ ತಡೆಯುವ ಕ್ರಮಗಳ ಬಗೆಗಿನ ಪ್ರಯೋಗಗಳನ್ನೆಲ್ಲ ಒಟ್ಟಿಗೆ ತೂಗಿ ನೋಡಿದ ಕಾಕ್ರೇನ್ ಪರಾಮರ್ಶೆ 2008ರಲ್ಲಿ ಅವುಗಳಿಂದ ಅಸ್ತಮಾಕ್ಕೆ ಹೇಳಿಕೊಳ್ಳುವಂಥ ಪ್ರಯೋಜನ ಕಾಣಲಿಲ್ಲ ಎಂದಿತು. ಈ ಅಂಕಣದ ವಾದಕ್ಕೆ ಎದುರಾಗಿ ಇಡಬಹುದಾದ ಅತಿ ಬಲವಾದ ಮಾತು ಇದೇ. ಆದರೆ ಒಂಟಿ ಉಪಾಯಗಳ ಸೋಲು ಅದು. ಅಮೆರಿಕದ ಏಳು ನಗರಗಳಲ್ಲಿ 937 ಮಕ್ಕಳ ಮೇಲೆ ನಡೆದ, 2004ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಆಯಾ ಮಗುವಿಗೆ ಯಾವುದು ಒಗ್ಗದು ಎಂದು ಮೊದಲು ಪರೀಕ್ಷಿಸಿ, ಹಾಸಿಗೆ, ಜಿರಳೆ, ಹೊಗೆ, ಬೂಷ್ಟು ಎಲ್ಲವನ್ನೂ ಒಟ್ಟಿಗೆ ಹಿಡಿದಾಗ ಉಬ್ಬಸದ ದಿನಗಳು ಕಡಿಮೆಯಾದವು. ಹಾಗಿದ್ದರೂ ಶುಚಿ ಔಷಧಿಯ ಬದಲಿಯಲ್ಲ. ವೈದ್ಯರು ಕೊಟ್ಟ ಇನ್‌ಹೇಲರನ್ನು ಮನೆ ಥಳಥಳಿಸುತ್ತಿದೆಯೆಂದು ಬಿಡುವಂತಿಲ್ಲ. ಶುಚಿ ರೋಗ ಗುಣಪಡಿಸಲಿ ಎಂಬ ನಿರೀಕ್ಷೆ ದೊಡ್ಡದು. ರೋಗ ಕೆರಳಿಸದಿರಲಿ ಎಂಬುದು ಸಣ್ಣದು, ನಮ್ಮ ಕೈಯಳತೆಯದು.

ಕೊನೆಗೆ, ಈ ಘಾಟನ್ನು ಎಲ್ಲರಿಗಿಂತ ಹೆಚ್ಚು ಕುಡಿಯುವವರು ಮನೆಯವರಲ್ಲ. ಬೆಳಗ್ಗೆಯಿಂದ ನಾಲ್ಕೈದು ಮನೆಗಳ ನೆಲ, ಬಚ್ಚಲು ಮುಗಿಸಿ ಮಧ್ಯಾಹ್ನ ತನ್ನ ಮನೆಗೆ ಹೋಗುವ ಹೆಂಗಸಿಗೆ ಒಂದೊಂದು ಮನೆಯ ಅರ್ಧ ಗಂಟೆ ಸೇರಿ ದಿನಕ್ಕೆ ಎರಡು ಎರಡೂವರೆ ಗಂಟೆಯಾಗುತ್ತದೆ. ಬಾರ್ಸಿಲೋನಾ ಬಳಿ ಮನೆಗೆಲಸದ ಹೆಂಗಸರನ್ನು ಅಧ್ಯಯನ ಮಾಡಿದವರು 2005ರಲ್ಲಿ ಬ್ಲೀಚಿನ ಬಳಕೆಗೂ ಅವರ ಉಬ್ಬಸ, ಕೆಮ್ಮಿಗೂ ನಂಟು ಕಂಡಿದ್ದರು. ಫಿನಾಯಿಲ್ ಇಲ್ಲದೆ ಅವರು ಒರೆಸುವುದೇ ಇಲ್ಲ ಎಂಬ ದೂರು ಆಗಾಗ ಕೇಳಿಬರುತ್ತದೆ. ಅವರಾದರೂ ಏನು ಮಾಡಿಯಾರು? ಒರೆಸಿದ ನೆಲ ಹತ್ತು ನಿಮಿಷದಲ್ಲಿ ಆರುತ್ತದೆ. ಸಂಜೆ ಆಫೀಸಿನಿಂದ ಬರುವ ಯಜಮಾನರಿಗೆ, ಯಜಮಾನಿಗೆ ತಾನು ಕೆಲಸ ಮಾಡಿದ್ದೇನೆ ಎಂದು ತೋರಿಸಲು ಆಕೆಯ ಬಳಿ ಉಳಿಯುವ ಸಾಕ್ಷಿ ಆ ವಾಸನೆಯೊಂದೇ. ಸಾಕ್ಷಿ ಕೇಳುವುದನ್ನು ನಾವು ಬಿಡಬೇಕು. ಅನುಮಾನವಿದ್ದವರು ಬಿಳಿ ಬಟ್ಟೆಯೊಂದನ್ನು ಒದ್ದೆ ಮಾಡಿ ಮಂಚದ ಕೆಳಗೊಮ್ಮೆ ಎಳೆದು ನೋಡಲಿ. ಬಟ್ಟೆ ಬಿಳಿಯಾಗಿಯೇ ಬಂದರೆ, ಮೂಗಿಗೆ ಏನೂ ಬಡಿಯದಿದ್ದರೂ, ಕೂಲಿ ಪೂರ್ತಿ ಕೊಡಬೇಕಾದ ಕೆಲಸ ಅಲ್ಲಿ ನಡೆದಿದೆ.